ಸಾಲದ ದಾವೆ ಮತ್ತು ವಕೀಲ ಗಾಂಧೀಜಿ

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತ ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಬದುವಿನ ತಗಾದೆ, ಪಾಲುಪಟ್ಟಿ, ಕೈಸಾಲ ಎಂದು ಕೋರ್ಟಿಗೆ ಅಲೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಹಾತ್ಮ ಗಾಂಧೀಜಿಯವರನ್ನು ನಾವೆಲ್ಲ ಚರಕದಿಂದ, ಸತ್ಯಾಗ್ರಹದಿಂದ ಬಲ್ಲೆವು. ಆದರೆ ಸುಮಾರು ಇಪ್ಪತ್ತು ವರ್ಷ ಅವರ ವೃತ್ತಿ ವಕೀಲಿ. ಆ ವೃತ್ತಿಯನ್ನು ಅವರಿಗೆ ಕಲಿಸಿದ್ದು ಸಾಲ ವಸೂಲಿಯ ಒಂದು ಸಿವಿಲ್ ದಾವೆ. ಸಾಲ ಕೊಟ್ಟು ವಸೂಲು ಮಾಡುವ ಸಹಕಾರಿ ಬಂಧುಗಳು ಆ ದಾವೆಯ ಕಥೆ ತಿಳಿದಿರಬೇಕು.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸರು ಲಂಡನ್ನಿನಲ್ಲಿ ಓದಿ 1891ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿದರು. ಪದವಿಯೇನೋ ದೊಡ್ಡದು, ಕಸುಬು ಮಾತ್ರ ಕುದುರಲಿಲ್ಲ. ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಕೇಸು, ಫೀಸು 30 ರೂಪಾಯಿ. ಪಾಟೀಸವಾಲಿಗೆ ಎದ್ದು ನಿಂತರೆ ಕೈಕಾಲು ನಡುಗಿ ಬಾಯೇ ಬರಲಿಲ್ಲ. ಫೀಸು ವಾಪಸು ಕೊಟ್ಟು ಹೊರಬಂದರು. ದಲ್ಲಾಳಿಗೆ ಕಮಿಷನ್ ಕೊಟ್ಟು ಕೇಸು ಹಿಡಿಯಲೂ ಅವರು ಒಪ್ಪಲಿಲ್ಲ. ಕೊನೆಗೆ ರಾಜಕೋಟೆಗೆ ಹೋಗಿ ಅರ್ಜಿ ಬರೆದುಕೊಡುತ್ತಾ ತಿಂಗಳಿಗೆ ಸುಮಾರು 300 ರೂಪಾಯಿ ಸಂಪಾದಿಸುತ್ತಿದ್ದರು.

1893ರಲ್ಲಿ ದಕ್ಷಿಣ ಆಫ್ರಿಕದಿಂದ ಕರೆ ಬಂತು. ಅಲ್ಲಿ ವ್ಯಾಪಾರಕ್ಕೆ ನೆಲೆಸಿದ್ದ ದಾದಾ ಅಬ್ದುಲ್ಲಾ ಶೇಠರು, ಪ್ರಿಟೋರಿಯಾದ ತಯ್ಯಬ್ ಶೇಠರ ಮೇಲೆ 40,000 ಪೌಂಡಿಗೆ ದಾವೆ ಹೂಡಿದ್ದರು. ಇಬ್ಬರೂ ಒಂದೇ ಊರಿನವರು, ಮೇಲಾಗಿ ನೆಂಟರು. ಗಾಂಧಿಯವರಿಗೆ ಒಂದು ವರ್ಷಕ್ಕೆ 105 ಪೌಂಡು ಮತ್ತು ಹೋಗಿಬರುವ ಖರ್ಚು. ಈ ದಾವೆಗಾಗಿ ಪ್ರಿಟೋರಿಯಾಕ್ಕೆ ಹೊರಟಾಗಲೇ ಅವರನ್ನು ಮಾರಿಟ್ಸ್‌ಬರ್ಗಿನಲ್ಲಿ ರೈಲಿನಿಂದ ಹೊರದಬ್ಬಿದ್ದು.

ಕೇಸೆಲ್ಲ ಜಮಾ ಖರ್ಚಿನ ಮೇಲೆ ನಿಂತಿತ್ತು. ಬ್ಯಾರಿಸ್ಟರಿಗೋ ಲೆಕ್ಕದ ಗಂಧವಿಲ್ಲ, ಪ್ರಾಮಿಸರಿ ನೋಟು ಎಂದರೆ ಏನೆಂದೇ ಗೊತ್ತಿಲ್ಲ! ನಾಚಿಕೆಪಡದೆ ಲೆಕ್ಕಪತ್ರ ಬರೆಯುವ ಪುಸ್ತಕ ಕೊಂಡು ಓದಿದರು, ಗುಮಾಸ್ತರನ್ನು ಕೇಳಿ ಕಲಿತರು, ಒಂದೊಂದು ಕಾಗದವನ್ನೂ ತಿರುವಿ ಹಾಕಿದರು. ನಿಜಾಂಶ ಗಟ್ಟಿಯಿದ್ದರೆ ಕಾನೂನು ತಾನಾಗಿ ಜೊತೆಗೆ ಬರುತ್ತದೆ ಎಂಬುದು ಅವರಿಗೆ ಮನದಟ್ಟಾಯಿತು.

ತಮ್ಮ ಕಕ್ಷಿದಾರರ ಪಕ್ಷ ಗಟ್ಟಿ ಎಂದು ತಿಳಿದ ಮೇಲೂ ಅವರು ಸುಮ್ಮನಾಗಲಿಲ್ಲ. ದಾವೆ ಎಳೆದಷ್ಟೂ ವಕೀಲರ ಫೀಸು ಬೆಳೆಯುತ್ತದೆ. ಗೆದ್ದವನಿಗೂ ಕೋರ್ಟು ಕೊಡಿಸುವ ಖರ್ಚು, ಅವನು ನಿಜವಾಗಿ ಮಾಡಿದ ಖರ್ಚಿಗೆ ಸಾಲದು. ಹೀಗೇ ಬಿಟ್ಟರೆ ಇಬ್ಬರೂ ಹಾಳಾಗುತ್ತಾರೆಂದು ಎರಡೂ ಕಡೆಯವರನ್ನು ಒಪ್ಪಿಸಿ, ಪಂಚರ ತೀರ್ಮಾನಕ್ಕೆ ಒಪ್ಪಿಸಿದರು. ದಾದಾ ಅಬ್ದುಲ್ಲಾ ಗೆದ್ದರು. ತಯ್ಯಬ್ ಶೇಠರು 37,000 ಪೌಂಡು ಮತ್ತು ಖರ್ಚು ಕೊಡಬೇಕೆಂದು ತೀರ್ಪಾಯಿತು.

ಅಷ್ಟು ಹಣವನ್ನು ಒಂದೇ ಗಂಟಿನಲ್ಲಿ ಕೊಡಬೇಕೆಂದರೆ ತಯ್ಯಬ್ ಶೇಠರು ದಿವಾಳಿಯೇ ಏಳಬೇಕು. ಅವರ ಕುಲದಲ್ಲಿ ದಿವಾಳಿಗಿಂತ ಸಾವೇ ಮೇಲು. ಆಗ ಗಾಂಧೀಜಿ ಗೆದ್ದ ಶೇಠರನ್ನೇ ಬೆನ್ನುಹತ್ತಿ, ಬಹಳ ವರ್ಷಗಳ ಸಣ್ಣ ಕಂತಿಗೆ ಒಪ್ಪಿಸಿದರು. ಪಂಚಾಯತಿಗೆ ಒಪ್ಪಿಸುವುದಕ್ಕಿಂತ ಈ ಕಂತಿಗೆ ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತಂತೆ. ಸಾಲಗಾರನ ಮಾನ ಉಳಿಯಿತು, ಸಾಲ ಕೊಟ್ಟವನ ಹಣವೂ ಉಳಿಯಿತು.

1894ರಲ್ಲಿ ಅಲ್ಲಿನ ವಕೀಲರ ಸಂಘದ ವಿರೋಧವಿದ್ದರೂ ನಟಾಲಿನ ಸುಪ್ರೀಂ ಕೋರ್ಟಿನಲ್ಲಿ ಸನದು ಪಡೆದರು. 1903ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಅಟಾರ್ನಿಯಾಗಿ ಕಚೇರಿ ತೆರೆದರು. ಒಮ್ಮೆ ಪಂಚರ ತೀರ್ಪು ಪೂರ್ತಿಯಾಗಿ ತಮ್ಮ ಕಕ್ಷಿದಾರನ ಕಡೆಗೇ ಆಗಿತ್ತು. ಆದರೆ ಲೆಕ್ಕದಲ್ಲಿ ಖರ್ಚಿನ ಒಂದು ಬಾಬ್ತು ಜಮಾ ಕಡೆ ಸೇರಿಬಿಟ್ಟಿತ್ತು. ಎದುರು ಪಕ್ಷದವರಿಗೆ ಇದು ಕಂಡಿರಲಿಲ್ಲ. ಹಿರಿಯ ವಕೀಲರು ಬೇಡವೆಂದರೂ, ಕಕ್ಷಿದಾರನನ್ನು ಒಪ್ಪಿಸಿ ಗಾಂಧೀಜಿ ತಾವೇ ಕೋರ್ಟಿನಲ್ಲಿ ತಪ್ಪನ್ನು ಹೇಳಿದರು. ಕೋರ್ಟು ತಪ್ಪು ತಿದ್ದಿ, ಉಳಿದ ತೀರ್ಪನ್ನು ಎತ್ತಿ ಹಿಡಿಯಿತು. ಇಂಥ ನೂರಾರು ವ್ಯಾಜ್ಯಗಳನ್ನು ಅವರು ರಾಜಿಯಲ್ಲೇ ಮುಗಿಸಿದರು.

1914ರಲ್ಲಿ ಆಫ್ರಿಕ ಬಿಡುವ ಮುನ್ನವೇ ವಕೀಲಿ ಬಿಟ್ಟಿದ್ದರು. 1922ರಲ್ಲಿ ರಾಜದ್ರೋಹದ ಶಿಕ್ಷೆಯಾದಾಗ ಲಂಡನ್ನಿನ ಇನ್ನರ್ ಟೆಂಪಲ್ ಸಂಸ್ಥೆ ಅವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿತು. ಅದೇ ಸಂಸ್ಥೆ 1988ರಲ್ಲಿ ಮತ್ತೆ ಸೇರಿಸಿಕೊಂಡಿತು. ಆಗ ಅವರು ತೀರಿಕೊಂಡು ನಲವತ್ತು ವರ್ಷ ಕಳೆದಿತ್ತು.

ನಮ್ಮ ಸಹಕಾರ ಸಂಘಗಳ 1959ರ ಕಾಯ್ದೆಯೂ ಸಂಘದ ವ್ಯವಹಾರದ ತಂಟೆಗಳನ್ನು ಸಿವಿಲ್ ಕೋರ್ಟಿಗೆ ಬಿಡದೆ ನಿಬಂಧಕರ ಮುಂದೆ ತರಲು ಹೇಳುತ್ತದೆ. ಅಲ್ಲಿಯವರೆಗೂ ಹೋಗದಂತೆ ನೋಡಿಕೊಳ್ಳುವುದು ನಮ್ಮ ಕೈಲೇ ಇದೆ. ಲೆಕ್ಕ ಚೊಕ್ಕವಾಗಿರಲಿ, ಕಷ್ಟಕ್ಕೆ ಸಿಕ್ಕ ಸದಸ್ಯನಿಗೆ ಕಂತಿನ ದಾರಿ ಇರಲಿ, ಕಂತು ಪಡೆದವನು ತಪ್ಪದೆ ಕಟ್ಟಲಿ. ಬೆಳ್ಳಿಹಬ್ಬದ ಈ ಹೊತ್ತಿನಲ್ಲಿ ಆ ವಕೀಲರನ್ನು ನೆನೆಯುವುದೆಂದರೆ ಇಷ್ಟೇ.