ಎಕ್ಸ್‌ರೇ ಗಾಡಿಯ ಹುಡುಗಿ: ಇರೆನ್ ಕ್ಯೂರಿ

ಕ್ಯೂರಿ ಅಂದ ತಕ್ಷಣ ನಮಗೆಲ್ಲ ನೆನಪಿಗೆ ಬರೋದು ಮೇರಿ ಕ್ಯೂರಿ. ರೇಡಿಯಂ, ಪೊಲೋನಿಯಂ, ಎರಡು ನೊಬೆಲ್. ಸ್ಕೂಲ್ ಕ್ವಿಜ್‌ಗಳಲ್ಲಿ ಈ ಉತ್ತರ ಹೇಳಿ ಹೇಳಿ ನಮಗೆ ಬಾಯಿಪಾಠ ಆಗಿಹೋಗಿದೆ. ಅವರ ದೊಡ್ಡ ಮಗಳು ಇರೆನ್ ಹೆಸರು ಬಂದರೆ ಮಾತ್ರ, ಹೌದು, ಅವರಿಗೂ ನೊಬೆಲ್ ಬಂದಿತ್ತು ಅನ್ನೋ ಒಂದು ಸಾಲಿಗೆ ನಮ್ಮ ಜ್ಞಾನ ಮುಗಿಯುತ್ತೆ. ಆದರೆ ಆ ನೊಬೆಲ್‌ಗೂ ಸುಮಾರು ಇಪ್ಪತ್ತು ವರ್ಷ ಮೊದಲು ಇರೆನ್ ಬೇರೆಯದೇ ಒಂದು ಕೆಲಸ ಮಾಡಿದ್ದರು. ಮೊದಲ ಮಹಾಯುದ್ಧದ ಆಸ್ಪತ್ರೆಗಳಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಆಗ ಅವರಿಗೆ ಹದಿನೇಳರಿಂದ ಇಪ್ಪತ್ತೊಂದು ವರ್ಷ. ಅಂದ್ರೆ ನಾವು ಪಿಯುಸಿ ಮುಗಿಸಿ, ಸಿಇಟಿ ಬರೆದು, ಬ್ರಾಂಚ್ ಆರಿಸಿಕೊಂಡು, ಇಂಟರ್ನಲ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳುವ ವಯಸ್ಸು. ಅದಕ್ಕೇ ಈ ಸಲ ಆ ನಾಲ್ಕು ವರ್ಷದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯೋಣ ಅನ್ನಿಸಿತು.

ಮನೆಯೇ ಕಾಲೇಜು

ಇರೆನ್ ಹುಟ್ಟಿದ್ದು 1897ರ ಸೆಪ್ಟೆಂಬರ್ 12ರಂದು, ಪ್ಯಾರಿಸ್‌ನಲ್ಲಿ. ರಾಂಟ್ಗನ್ ಎಕ್ಸ್‌ರೇ ಕಂಡುಹಿಡಿದು ಇನ್ನೂ ಎರಡು ವರ್ಷ ಆಗಿರಲಿಲ್ಲ. 1906ರಲ್ಲಿ ಅಪ್ಪ ಪಿಯರ್ ಕ್ಯೂರಿ ರಸ್ತೆಯಲ್ಲಿ ಕುದುರೆಗಾಡಿಗೆ ಸಿಕ್ಕಿ ತೀರಿಕೊಂಡಾಗ ಅವಳಿಗೆ ಎಂಟು ವರ್ಷ. ಅಮ್ಮ ಲ್ಯಾಬ್‌ನಲ್ಲೇ ಇರುತ್ತಿದ್ದರಿಂದ ಇರೆನ್‌ಳನ್ನು ಹೆಚ್ಚಾಗಿ ನೋಡಿಕೊಂಡಿದ್ದು ಡಾಕ್ಟರ್ ಆಗಿದ್ದ ತಾತ.

ಮೇರಿ ಮತ್ತು ಅವರ ಪ್ರೊಫೆಸರ್ ಸ್ನೇಹಿತರು ಸೇರಿ ತಮ್ಮ ಮಕ್ಕಳಿಗೆ ತಾವೇ ಪಾಠ ಮಾಡುವ ಒಂದು ವ್ಯವಸ್ಥೆ ಮಾಡಿಕೊಂಡಿದ್ದರು. ಫಿಸಿಕ್ಸ್‌ಗೆ ಮೇರಿ, ಮ್ಯಾಥ್ಸ್‌ಗೆ ಲಾಂಜೆವಿನ್, ಕೆಮಿಸ್ಟ್ರಿಗೆ ಪೆರಿನ್. ಇಂಥ ಫ್ಯಾಕಲ್ಟಿ ಯಾವ ಕಾಲೇಜಿನಲ್ಲೂ ಸಿಗಲ್ಲ ಬಿಡಿ! ಇದು ನಡೆದದ್ದು ಸುಮಾರು ಎರಡು ವರ್ಷ ಅಷ್ಟೇ. ಆಮೇಲೂ ಮೇರಿ ಊರಲ್ಲಿ ಇಲ್ಲದಾಗ ಮಗಳಿಗೆ ಬರೆಯುತ್ತಿದ್ದ ಪತ್ರಗಳಲ್ಲಿ ಮ್ಯಾಥ್ಸ್ ಲೆಕ್ಕಗಳು ಇರುತ್ತಿದ್ದವು. ಮಗಳು ಬಿಡಿಸಿ ವಾಪಸ್ ಕಳಿಸಬೇಕಿತ್ತು. ಈ ಲೆಕ್ಕಗಳು ಮುಂದೆ ಎಲ್ಲಿ ಕೆಲಸಕ್ಕೆ ಬಂದವು ಅಂತ ಆಮೇಲೆ ನೋಡೋಣ.

ಯುದ್ಧ ಬಂತು

1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾಯಿತು. ಎಕ್ಸ್‌ರೇ ಬಂದು ಆಗಲೇ ಹತ್ತೊಂಬತ್ತು ವರ್ಷ ಆಗುತ್ತಾ ಬಂದಿದ್ದರೂ ಯಂತ್ರಗಳು ಇದ್ದದ್ದು ಹೆಚ್ಚಾಗಿ ದೊಡ್ಡ ಊರುಗಳ ಆಸ್ಪತ್ರೆಗಳಲ್ಲಿ. ಗಾಯಗೊಂಡ ಸೈನಿಕರು ಇದ್ದದ್ದು ಗಡಿಯ ಹತ್ತಿರ. ಮೈಯೊಳಗೆ ಗುಂಡು ಅಥವಾ ಶೆಲ್ ಚೂರು ಎಲ್ಲಿದೆ ಅಂತ ಗೊತ್ತಿಲ್ಲದೆ ಸರ್ಜನ್‌ಗಳು ಕುಯ್ದು ಹುಡುಕಬೇಕಿತ್ತು. ಆಂಟಿಬಯೋಟಿಕ್ ಇಲ್ಲದ ಕಾಲ ಅದು. ಹುಡುಕಾಟ ಜಾಸ್ತಿ ಆದಷ್ಟೂ ಗಾಯ ಕೀವು ಕಟ್ಟುತ್ತಿತ್ತು. ಕೈಯೋ ಕಾಲೋ ಹೋಗುತ್ತಿತ್ತು, ಎಷ್ಟೋ ಸಲ ಪ್ರಾಣವೇ ಹೋಗುತ್ತಿತ್ತು.

ರೋಗಿ ಯಂತ್ರದ ಹತ್ತಿರ ಬರೋಕೆ ಆಗದಿದ್ದರೆ ಯಂತ್ರವೇ ರೋಗಿಯ ಹತ್ತಿರ ಹೋಗಲಿ ಅಂತ ಮೇರಿ ಯೋಚಿಸಿದರು. ದಾನಿಗಳಿಂದ ಕಾರುಗಳನ್ನು ಕೇಳಿ ಪಡೆದು ಅದರಲ್ಲಿ ಎಕ್ಸ್‌ರೇ ಸಾಮಾನು ಕೂರಿಸಿದರು. ಈ ಗಾಡಿಗಳಿಗೆ ಸೈನಿಕರು ಇಟ್ಟ ಹೆಸರು ಪುಟ್ಟ ಕ್ಯೂರಿ.

ಒಳಗೆ ಏನಿತ್ತು ಅಂತ ನಮ್ಮಂಥವರು ಕೇಳಲೇಬೇಕಲ್ವಾ? ಕಾರಿನ ಇಂಜಿನ್‌ನಿಂದ ತಿರುಗುವ ಒಂದು ಡೈನಮೋ, 110 ವೋಲ್ಟ್, 15 ಆಂಪಿಯರ್. ಗುಣಿಸಿ ನೋಡಿದರೆ 1650 ವ್ಯಾಟ್. ನಮ್ಮ ಹಾಸ್ಟೆಲ್ ಗೀಸರ್‌ಗಿಂತಲೂ ಕಡಿಮೆ! ಅದನ್ನು ಹೈ ವೋಲ್ಟೇಜ್‌ಗೆ ಏರಿಸಿ ಎಕ್ಸ್‌ರೇ ಟ್ಯೂಬ್‌ಗೆ ಕೊಡುತ್ತಿದ್ದರು. ಜೊತೆಗೆ ಮಡಚುವ ಟೇಬಲ್, ಟ್ಯೂಬ್ ಹಿಡಿಯೋ ಸ್ಟ್ಯಾಂಡ್, ಫೋಟೋ ಪ್ಲೇಟ್‌ಗಳು, ಹೊಳೆಯುವ ಸ್ಕ್ರೀನ್, ಕೋಣೆ ಕತ್ತಲು ಮಾಡೋಕೆ ಕಪ್ಪು ಪರದೆ. ಗಾಡಿ ಆಸ್ಪತ್ರೆ ಮುಂದೆ ನಿಂತ ಕೂಡಲೇ ಉದ್ದದ ಕೇಬಲ್ ಒಳಗೆ ಎಳೆದು, ಕಿಟಕಿಗೆ ಪರದೆ ಕಟ್ಟಿ, ಸುಮಾರು ಅರ್ಧ ಗಂಟೆಯಲ್ಲಿ ಕೆಲಸ ಶುರು. ಇಂಥ ಗಾಡಿಗಳು ಕೊನೆಗೆ ಇಪ್ಪತ್ತು ಆದವು. ಅದಲ್ಲದೆ ಆಸ್ಪತ್ರೆಗಳಲ್ಲಿ 200 ಸ್ಥಿರ ಎಕ್ಸ್‌ರೇ ಕೋಣೆಗಳೂ ಆದವು.

ಇರೆನ್ ನರ್ಸಿಂಗ್ ಕಲಿತು ಅಮ್ಮನ ಜೊತೆ ಹೊರಟಳು. 1914ರ ನವೆಂಬರ್‌ನಲ್ಲಿ ಮೊದಲ ಗಾಡಿ ಕ್ರೇ ಅನ್ನೋ ಊರಿನ ಸೈನಿಕ ಆಸ್ಪತ್ರೆಗೆ ಹೋದಾಗ ಅವಳೂ ಅದರಲ್ಲಿದ್ದಳು. ಹದಿನೇಳು ತುಂಬಿ ಎರಡು ತಿಂಗಳೂ ಆಗಿರಲಿಲ್ಲ. ಫ್ರಾಕ್ಚರ್, ಹರಿದ ಮಾಂಸ, ನೋವಿನಿಂದ ಕೂಗುವ ಹುಡುಗರು, ಅವರಲ್ಲಿ ಎಷ್ಟೋ ಜನ ಅವಳಿಗಿಂತ ಒಂದೆರಡು ವರ್ಷ ದೊಡ್ಡವರು ಅಷ್ಟೇ. ಅದನ್ನೆಲ್ಲ ನೋಡಿಯೂ ಕೈ ನಡುಗದ ಹಾಗೆ ಪ್ಲೇಟ್ ಇಡಬೇಕಿತ್ತು.

ಹೂಗ್‌ಸ್ಟಾಡೆಯ ಜಿಯಾಮೆಟ್ರಿ

ಒಂದು ವರ್ಷದೊಳಗೆ ಮೇರಿಗೆ ಮಗಳ ಮೇಲೆ ಎಷ್ಟು ನಂಬಿಕೆ ಬಂದಿತ್ತು ಅಂದ್ರೆ, ಬೆಲ್ಜಿಯಂನ ಹೂಗ್‌ಸ್ಟಾಡೆಯಲ್ಲಿ ಅವಳೊಬ್ಬಳನ್ನೇ ಬಿಟ್ಟರು. ಯುದ್ಧದ ಸಾಲಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದ್ದ ಸೈನಿಕ ಆಸ್ಪತ್ರೆ ಅದು. 1915ರಲ್ಲಿ ಇರೆನ್‌ಗೆ ಹದಿನೆಂಟು ತುಂಬಿದ್ದು ಅಲ್ಲೇ. ಯಂತ್ರ ನಡೆಸೋದು, ಕೆಟ್ಟರೆ ರಿಪೇರಿ ಮಾಡೋದು, ಪ್ಲೇಟ್ ತೊಳೆಯೋದು, ಬೇರೆಯವರಿಗೆ ಕಲಿಸೋದು, ಎಲ್ಲ ಅವಳದೇ ಕೆಲಸ.

ಇಲ್ಲಿ ಒಂದು ಮುಖ್ಯ ವಿಷಯ ಇದೆ. ಎಕ್ಸ್‌ರೇ ಅನ್ನೋದು ಬರೀ ನೆರಳು. ಗುಂಡು ಎಡಕ್ಕಿದೆಯೋ ಬಲಕ್ಕಿದೆಯೋ ಅಂತ ಹೇಳುತ್ತೆ, ಎಷ್ಟು ಆಳದಲ್ಲಿದೆ ಅಂತ ಹೇಳಲ್ಲ. ಅದಕ್ಕೆ ಟ್ಯೂಬನ್ನು ಗೊತ್ತಿರುವಷ್ಟು ದೂರ ಪಕ್ಕಕ್ಕೆ ಸರಿಸಿ ಎರಡನೇ ಚಿತ್ರ ತೆಗೀಬೇಕು. ಗುಂಡಿನ ನೆರಳೂ ಸರಿಯುತ್ತೆ. ಆಮೇಲೆ ನಾವು ಹತ್ತನೇ ಕ್ಲಾಸಲ್ಲಿ ಓದಿದ ಸಮರೂಪ ತ್ರಿಭುಜಗಳೇ. ಒಂದು ಉದಾಹರಣೆ ಮಾಡಿ ನೋಡೋಣ. ಟ್ಯೂಬ್ ಪ್ಲೇಟ್‌ನಿಂದ 60 ಸೆಂ.ಮೀ. ಮೇಲಿದೆ. ಅದನ್ನು 10 ಸೆಂ.ಮೀ. ಸರಿಸಿದಾಗ ನೆರಳು 2 ಸೆಂ.ಮೀ. ಸರಿಯಿತು ಅಂದುಕೊಳ್ಳಿ. ಗುಂಡು ಪ್ಲೇಟ್‌ನಿಂದ ಎಷ್ಟು ಎತ್ತರದಲ್ಲಿದೆ? 60ನ್ನು 2ರಿಂದ ಗುಣಿಸಿ, 10 ಮತ್ತು 2ರ ಮೊತ್ತದಿಂದ ಭಾಗಿಸಿ. 10 ಸೆಂ.ಮೀ. ಅಷ್ಟೇ ಲೆಕ್ಕ. ಆದರೆ ಟೇಬಲ್ ಮೇಲಿರೋ ಮನುಷ್ಯನಿಗೆ ಈ ಉತ್ತರ ತಪ್ಪಾದರೆ ಪಾರ್ಶಿಯಲ್ ಮಾರ್ಕ್ಸ್ ಇಲ್ಲ.

ಅಲ್ಲಿನ ಒಬ್ಬ ಸೈನಿಕ ವೈದ್ಯನಿಗೆ ಈ ಜಿಯಾಮೆಟ್ರಿ ಮೇಲೆ ಸ್ವಲ್ಪವೂ ನಂಬಿಕೆ ಇರ್ಲಿಲ್ಲ. ಹದಿನೆಂಟರ ಹುಡುಗಿ ಚೂರು ಇಲ್ಲಿದೆ, ಈ ಕಡೆಯಿಂದ ಹೋಗಿ ಅಂದರೆ ಆತ ತನಗೆ ತೋಚಿದ ಕಡೆಯಿಂದ ಕುಯ್ದು ಹುಡುಕುತ್ತಿದ್ದ. ಸಿಗುತ್ತಿರಲಿಲ್ಲ. ಕೊನೆಗೆ ಅವಳು ಹೇಳಿದ ದಿಕ್ಕಿನಿಂದ ಹೋದಾಗ ಸಿಕ್ಕಿತು. ಇರೆನ್ ಜಗಳ ಆಡಲಿಲ್ಲ, ಅಳಲೂ ಇಲ್ಲ. ಲೆಕ್ಕ ಸರಿ ಇದೆ ಅಂತ ಅವಳಿಗೆ ಗೊತ್ತಿತ್ತು, ಅದನ್ನೇ ಮತ್ತೆ ಮತ್ತೆ ಹೇಳಿದಳು. ಅಮ್ಮ ಪತ್ರದಲ್ಲಿ ಕಳಿಸುತ್ತಿದ್ದ ಲೆಕ್ಕಗಳಿಗೆ ಉತ್ತರ ಸಿಕ್ಕಿದ್ದು ಇಲ್ಲಿ ಅಂತ ನಮಗನ್ನಿಸುತ್ತೆ.

ಹತ್ತೊಂಬತ್ತಕ್ಕೇ ಟೀಚರ್

ಆಮೇಲೆ ಅಮಿಯಾ ಊರಿನ ಆಸ್ಪತ್ರೆಯಲ್ಲೂ ಕೆಲಸ ಮಾಡಿದಳು. ಅಷ್ಟರಲ್ಲಿ ಹೊಸ ಸಮಸ್ಯೆ. ಯಂತ್ರಗಳು ಹೆಚ್ಚಾದವು, ನಡೆಸೋರು ಇಲ್ಲ. 1916ರಲ್ಲಿ ಪ್ಯಾರಿಸ್‌ನ ಈಡಿತ್ ಕ್ಯಾವೆಲ್ ಆಸ್ಪತ್ರೆಯಲ್ಲಿ ಮೇರಿ ಹೆಂಗಸರಿಗಾಗಿ ಒಂದು ತರಬೇತಿ ಶಾಲೆ ತೆಗೆದರು. ವಿದ್ಯುತ್, ಎಕ್ಸ್‌ರೇ, ಶರೀರ ರಚನೆ, ಜೊತೆಗೆ ಪ್ರಾಕ್ಟಿಕಲ್ಸ್. ಪಾಠ ಮಾಡಿದವರಲ್ಲಿ ಇರೆನ್ ಕೂಡ ಒಬ್ಬಳು, ಎಷ್ಟೋ ವಿದ್ಯಾರ್ಥಿನಿಯರು ಅವಳಿಗಿಂತ ದೊಡ್ಡವರು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 150 ಹೆಂಗಸರು ಇಲ್ಲಿ ಕಲಿತು ಆಸ್ಪತ್ರೆಗಳಿಗೆ ಹೋದರು. ಗಾಡಿಗಳೂ ಕೋಣೆಗಳೂ ಸೇರಿ ಪರೀಕ್ಷಿಸಿದ ಗಾಯಾಳುಗಳ ಸಂಖ್ಯೆ 10 ಲಕ್ಷ ದಾಟಿತು ಅಂತ ಅಂದಾಜಿದೆ. 1919ರಲ್ಲಿ ಅಮೆರಿಕದ ಸೈನಿಕರ ಒಂದು ಗುಂಪಿಗೂ ರೇಡಿಯಂ ಇನ್‌ಸ್ಟಿಟ್ಯೂಟ್‌ನಲ್ಲಿ ಇವರು ಪಾಠ ಹೇಳಿಕೊಟ್ಟರು.

ಇಷ್ಟರ ನಡುವೆ ಇರೆನ್ ಸೋರ್ಬಾನ್‌ನಲ್ಲಿ ಓದುತ್ತಲೇ ಇದ್ದಳು. 1915ರಲ್ಲಿ ಮ್ಯಾಥ್ಸ್, 1916ರಲ್ಲಿ ಫಿಸಿಕ್ಸ್, 1917ರಲ್ಲಿ ಕೆಮಿಸ್ಟ್ರಿ, ಮೂರರಲ್ಲೂ ಡಿಸ್ಟಿಂಕ್ಷನ್. ಅಟೆಂಡೆನ್ಸ್ ಶಾರ್ಟೇಜ್‌ಗೆ ನಾವು ಕೊಡುವ ಕಾರಣಗಳನ್ನು ಇಲ್ಲಿ ನೆನಪಿಸಿಕೊಳ್ಳೋದು ಬೇಡ. ಯುದ್ಧ ಮುಗಿದ ಮೇಲೆ ಸರ್ಕಾರ ಅವಳಿಗೆ ಒಂದು ಸೈನಿಕ ಪದಕ ಕೊಟ್ಟಿತು.

ಆಮೇಲಿನ ಇರೆನ್

ಇಲ್ಲಿವರೆಗೆ ನಮ್ಮ ವಯಸ್ಸಿನವಳು ಅಂತ ಸಲಿಗೆಯಿಂದ ಏಕವಚನದಲ್ಲಿ ಬರೆದೆವು. ಇನ್ನು ಮುಂದೆ ಅವರು ಅಂತಲೇ ಹೇಳಬೇಕು. 1925ರಲ್ಲಿ ಪೊಲೋನಿಯಂನ ಆಲ್ಫಾ ಕಿರಣಗಳ ಮೇಲೆ ಡಾಕ್ಟರೇಟ್. 1926ರಲ್ಲಿ ಅದೇ ಲ್ಯಾಬ್‌ನ ಫ್ರೆಡರಿಕ್ ಜೋಲಿಯೋ ಜೊತೆ ಮದುವೆ. 1934ರಲ್ಲಿ ಇಬ್ಬರೂ ಸೇರಿ ಅಲ್ಯೂಮಿನಿಯಂಗೆ ಆಲ್ಫಾ ಕಣಗಳನ್ನು ಹೊಡೆದು ವಿಕಿರಣ ಸೂಸುವ ಫಾಸ್ಫರಸ್ ಮಾಡಿದರು. ಪ್ರಕೃತಿಯಲ್ಲಿ ಇಲ್ಲದ ವಿಕಿರಣಶೀಲ ವಸ್ತುವನ್ನು ಮನುಷ್ಯ ತಯಾರಿಸಬಹುದು ಅಂತ ಅವತ್ತು ಗೊತ್ತಾಯಿತು. 1935ರ ಕೆಮಿಸ್ಟ್ರಿ ನೊಬೆಲ್ ಇದಕ್ಕೇ. ಇವತ್ತು ಆಸ್ಪತ್ರೆಗಳ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಸ್ಕ್ಯಾನ್‌ಗೆ ಕೊಡುವ ಟೆಕ್ನೀಷಿಯಂನಂಥ ಐಸೊಟೋಪ್‌ಗಳೆಲ್ಲ ಈ ದಾರಿಯಲ್ಲಿ ಬಂದವೇ. 1936ರಲ್ಲಿ ಕೆಲವು ತಿಂಗಳು ವಿಜ್ಞಾನ ಸಂಶೋಧನೆಯ ಉಪಮಂತ್ರಿಯೂ ಆಗಿದ್ದರು. ತಮಾಷೆ ನೋಡಿ, ಫ್ರಾನ್ಸ್‌ನಲ್ಲಿ ಹೆಂಗಸರಿಗೆ ಮತದ ಹಕ್ಕು ಬಂದದ್ದು 1944ರಲ್ಲಿ. ಮಂತ್ರಿ ಆಗಬಹುದಿತ್ತು, ವೋಟ್ ಹಾಕುವ ಹಾಗಿರಲಿಲ್ಲ!

ಬೆಲೆ

ಈ ಕಥೆಯಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಇದು. ಆ ಗಾಡಿಗಳಲ್ಲಿ ರಕ್ಷಣೆಗೆ ಇದ್ದದ್ದು ಬಟ್ಟೆಯ ಗ್ಲೌಸ್, ಸಣ್ಣ ಲೋಹದ ಪರದೆ, ಕಿರಣಕ್ಕೆ ನೇರವಾಗಿ ಅಡ್ಡ ನಿಲ್ಲಬೇಡಿ ಅನ್ನೋ ಎಚ್ಚರಿಕೆ. ಎಷ್ಟೋ ಸಲ ಕಿರಣ ಹಾಯುತ್ತಿರುವಾಗಲೇ ಸರ್ಜನ್ ಆಪರೇಷನ್ ಮಾಡುತ್ತಿದ್ದರು, ಯಂತ್ರ ನಡೆಸುವವರು ಅಲ್ಲೇ ಪಕ್ಕದಲ್ಲಿ ನಿಂತಿರುತ್ತಿದ್ದರು. ಅಪಾಯ ಇದೆ ಅಂತ ಗೊತ್ತಿತ್ತು, ಎಷ್ಟು ಅಂತ ಅಳೆಯೋ ಅಭ್ಯಾಸ ಇರ್ಲಿಲ್ಲ.

ಮೇರಿ 1934ರಲ್ಲಿ ಅಪ್ಲಾಸ್ಟಿಕ್ ಅನೀಮಿಯಾದಿಂದ ತೀರಿಕೊಂಡರು. 1995ರಲ್ಲಿ ಅವರ ಶವಪೆಟ್ಟಿಗೆಯನ್ನು ಪ್ಯಾರಿಸ್‌ನ ಪ್ಯಾಂಥಿಯನ್‌ಗೆ ಸಾಗಿಸುವಾಗ ಪರೀಕ್ಷಿಸಿದರೆ ರೇಡಿಯಂ ಅಂಶ ಅಂದುಕೊಂಡಷ್ಟು ಇರ್ಲಿಲ್ಲ. ಕಾಯಿಲೆಗೆ ಯುದ್ಧಕಾಲದ ಎಕ್ಸ್‌ರೇಗಳೇ ಕಾರಣ ಇರಬಹುದು ಅಂತ ತಜ್ಞರು ಅಭಿಪ್ರಾಯಪಟ್ಟರು. ಇರೆನ್ 1956ರ ಮಾರ್ಚ್ 17ರಂದು ಲ್ಯುಕೇಮಿಯಾದಿಂದ ತೀರಿಕೊಂಡಾಗ ವಯಸ್ಸು 58 ಮಾತ್ರ. ಜೀವನವಿಡೀ ಪೊಲೋನಿಯಂ, ರೇಡಿಯಂ ಜೊತೆ ಕೆಲಸ ಮಾಡಿದವರಿಗೆ ಹದಿನೇಳನೇ ವಯಸ್ಸಿನ ಎಕ್ಸ್‌ರೇಗಳು ಎಷ್ಟು ಹಾನಿ ಮಾಡಿದವು ಅಂತ ಬೇರ್ಪಡಿಸಿ ಹೇಳೋಕೆ ಆಗಲ್ಲ. ಲೆಕ್ಕ ಶುರುವಾದದ್ದು ಮಾತ್ರ ಆ ಗಾಡಿಯಲ್ಲಿ.

ನಮ್ಮ ದೇಶದಲ್ಲಿ ಇವತ್ತು ಎಕ್ಸ್‌ರೇ ಟೆಕ್ನೀಷಿಯನ್‌ಗಳು ಎದೆಯ ಮೇಲೆ ಒಂದು ಸಣ್ಣ ಟಿಎಲ್‌ಡಿ ಬ್ಯಾಡ್ಜ್ ಹಾಕಿಕೊಳ್ಳುತ್ತಾರೆ. ಮೈಗೆ ಎಷ್ಟು ವಿಕಿರಣ ತಾಗಿತು ಅಂತ ಅದು ದಾಖಲಿಸುತ್ತೆ. ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ದಾಟಬಾರದು ಅಂತ ನಿಯಮ ಇದೆ. ಈ ಸಂಖ್ಯೆಗಳ ಹಿಂದೆ, ಅಳತೆ ಇಲ್ಲದೆ ಕೆಲಸ ಮಾಡಿದ ಒಂದು ಇಡೀ ತಲೆಮಾರು ಇದೆ.

ನಮ್ಮಲ್ಲಿ ಎಷ್ಟೋ ಜನ ಮುಂದೆ ಮೆಡಿಕಲ್ ಎಲೆಕ್ಟ್ರಾನಿಕ್ಸ್, ಇಮೇಜಿಂಗ್ ಸಾಫ್ಟ್‌ವೇರ್ ಅಂತ ಕೆಲಸಕ್ಕೆ ಹೋಗುತ್ತೇವೆ. ನಾವು ಮಾಡುವ ಯಂತ್ರದ ಮುಂದೆ ರೋಗಿ ಐದು ನಿಮಿಷ ಮಲಗಿ ಹೋಗುತ್ತಾನೆ, ಟೆಕ್ನೀಷಿಯನ್ ಮೂವತ್ತು ವರ್ಷ ನಿಲ್ಲುತ್ತಾರೆ. ಡಿಸೈನ್ ಮಾಡುವಾಗ ಆ ಎರಡನೇ ವ್ಯಕ್ತಿಯನ್ನೂ ನೆನಪಿಟ್ಟುಕೊಂಡರೆ, ಇರೆನ್ ಬಗ್ಗೆ ಓದಿದ್ದಕ್ಕೂ ಒಂದು ಅರ್ಥ.