ಬಗ್ದಾದ್ ಬಿಟ್ಟು ಹೊರಟ ಇಮಾಮ್ ಗಝಾಲಿ(ರ)

ಹಿಜರಿ 488ರ ದುಲ್‌ಕಅದ್ ತಿಂಗಳು, ಅಂದರೆ ಕ್ರಿ.ಶ. 1095ರ ನವೆಂಬರ್. ಇರಾಕಿನ ಬೇಸಿಗೆಯ ಉರಿ ಇಳಿದು, ಶರತ್ಕಾಲವೂ ಮುಗಿಯುತ್ತ ಬಂದಿದ್ದ ಹೊತ್ತು. ಬಗ್ದಾದಿನ ಹೆಸರಾಂತ ವಿದ್ವಾಂಸರೊಬ್ಬರು ಊರು ಬಿಟ್ಟು ಹೊರಟರು. ಹಜ್ಜ್‌ಗೆ ಹೋಗುವೆನೆಂದು ಜನರಿಗೆ ತಿಳಿಸಿದ್ದರು. ಸಿರಿಯಾದಲ್ಲಿ ನೆಲೆಸುವ ಇಂಗಿತ ಅವರಿಗಿತ್ತು. ಖಲೀಫರೂ ಗೆಳೆಯರೂ ತಡೆದಾರೆಂಬ ಅಳುಕಿನಿಂದ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು. ಅವರೇ ಇಮಾಮ್ ಅಬೂ ಹಾಮಿದ್ ಮುಹಮ್ಮದ್ ಅಲ್‌ಗಝಾಲಿ(ರ). ಆಗ ಅವರಿಗಿನ್ನೂ ನಲ್ವತ್ತು ತುಂಬಿರಲಿಲ್ಲ.

ಈಗಿನ ಇರಾನಿನ ಖುರಾಸಾನ್ ಪ್ರದೇಶದ ತೂಸ್ ಅವರ ಹುಟ್ಟೂರು. ಹಿಜರಿ 450ರಲ್ಲಿ (ಕ್ರಿ.ಶ. 1058) ಅವರ ಜನನ. ತಂದೆ ಉಣ್ಣೆ ನೂಲುವ ಬಡವರಾಗಿದ್ದರೆಂದು ಚರಿತ್ರೆಕಾರರು ಬರೆದಿದ್ದಾರೆ. ಸಾಯುವ ಮುನ್ನ ಅವರು ತಮ್ಮಿಬ್ಬರು ಗಂಡುಮಕ್ಕಳನ್ನು ಗೆಳೆಯನೊಬ್ಬನ ವಶಕ್ಕೊಪ್ಪಿಸಿದ್ದರು. ಬಿಟ್ಟುಹೋದ ಹಣ ತೀರಿದಾಗ, ಊಟ ಸಿಗುವುದೆಂಬ ಕಾರಣಕ್ಕೇ ಆ ಮಕ್ಕಳು ಮದ್ರಸ ಸೇರಬೇಕಾಯಿತು. ಹೊಟ್ಟೆಪಾಡಿಗಾಗಿ ಶುರುವಾದ ಆ ಓದು, ನಿಶಾಪುರದಲ್ಲಿ ಇಮಾಮುಲ್ ಹರಮೈನ್ ಅಲ್‌ಜುವೈನಿಯವರ ಶಿಷ್ಯತ್ವದವರೆಗೆ ಬೆಳೆಯಿತು. ಸೆಲ್ಜೂಕ್ ವಝೀರ್ ನಿಝಾಮುಲ್ ಮುಲ್ಕ್ ಈ ಯುವಕನ ಪಾಂಡಿತ್ಯವನ್ನು ಗುರುತಿಸಿ, 1091ರಲ್ಲಿ ಬಗ್ದಾದಿನ ನಿಝಾಮಿಯ್ಯ ಮದ್ರಸದ ಪೀಠದಲ್ಲಿ ಕುಳ್ಳಿರಿಸಿದರು. ಸುಮಾರು ಮುನ್ನೂರು ಶಿಷ್ಯರು ಅವರ ಪಾಠ ಕೇಳುತ್ತಿದ್ದರು. ಕೀರ್ತಿ, ಸಂಪತ್ತು, ಅರಮನೆಯ ಗೌರವ ಎಲ್ಲವೂ ಕೈಗೂಡಿದ್ದವು.

ಆದರೆ 1095ರ ರಜಬ್‌ನಲ್ಲಿ ಅವರು ತಮ್ಮೊಳಗನ್ನು ಪರೀಕ್ಷಿಸಿ ನೋಡಿದರು. ಈ ಬೋಧನೆ ಅಲ್ಲಾಹನ ಸಂಪ್ರೀತಿಗಾಗಿಯೋ, ಸ್ಥಾನಮಾನಕ್ಕಾಗಿಯೋ? ಉತ್ತರ ಅವರನ್ನು ನಡುಗಿಸಿತು. ಬೆಳಿಗ್ಗೆ ಎಲ್ಲವನ್ನೂ ಬಿಟ್ಟುಬಿಡಬೇಕೆಂಬ ನಿರ್ಧಾರ, ಸಂಜೆಗೆ ಅದರಿಂದ ಹಿಂದೆಗೆತ. ಹೆಚ್ಚುಕಡಿಮೆ ಆರು ತಿಂಗಳು ಈ ಹೊಯ್ದಾಟ ನಡೆಯಿತೆಂದು ತಮ್ಮ 'ಅಲ್ ಮುನ್ಕಿದ್ ಮಿನದ್ದಲಾಲ್' ಕೃತಿಯಲ್ಲಿ ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಕೊನೆಗೆ ನಾಲಿಗೆಯೇ ಕಟ್ಟಿಹೋಯಿತು. ಶಿಷ್ಯರ ಮುಂದೆ ಒಂದು ಮಾತೂ ಹೊರಡಲಿಲ್ಲ. ತುತ್ತು ಜೀರ್ಣವಾಗಲಿಲ್ಲ, ಗುಟುಕು ಗಂಟಲಲ್ಲಿ ಇಳಿಯಲಿಲ್ಲ. ಇದು ಹೃದಯದಲ್ಲಿ ಹುಟ್ಟಿದ ಬೇನೆ, ಅಲ್ಲಿನ ಚಿಂತೆ ತಣಿಯದ ಹೊರತು ಮದ್ದಿಲ್ಲ ಎಂದು ವೈದ್ಯರು ಕೈಚೆಲ್ಲಿದರು. ದಾರಿಗಾಣದ ಇಮಾಮರು ಅಲ್ಲಾಹನಿಗೆ ಮೊರೆಯಿಟ್ಟರು. ಆಗ ಬಿಡುವುದು ಹಗುರವಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅವರು ಹೊಣೆ ಮರೆತು ಓಡಿಹೋದವರಲ್ಲ. ತಮಗೂ ಮಕ್ಕಳಿಗೂ ಅಗತ್ಯವಿದ್ದಷ್ಟನ್ನು ಉಳಿಸಿಕೊಂಡು ಮಿಕ್ಕ ಸಂಪತ್ತನ್ನು ಹಂಚಿದರು. ಪಾಠ ನಿಲ್ಲದಂತೆ ತಮ್ಮ ಸಹೋದರ ಅಹ್ಮದರನ್ನು ಪೀಠದಲ್ಲಿ ನೇಮಿಸಿದರು.

ದಮಾಸ್ಕಸ್‌ನ ಉಮವೀ ಮಸೀದಿಯ ಮಿನಾರವೇರಿ, ಬಾಗಿಲು ಹಾಕಿಕೊಂಡು ಹಗಲಿಡೀ ಧ್ಯಾನದಲ್ಲಿರುತ್ತಿದ್ದರು. ಬಳಿಕ ಬೈತುಲ್ ಮುಕದ್ದಸ್‌ಗೆ ಹೋದರು. ಅಲ್‌ಖಲೀಲ್ ಪಟ್ಟಣದಲ್ಲಿ ಪ್ರವಾದಿ ಇಬ್ರಾಹೀಮ್(ಅ)ರ ಸಮಾಧಿಯ ಬಳಿ ಮೂರು ಪ್ರತಿಜ್ಞೆ ಮಾಡಿದರು: ದೊರೆಗಳ ಬಳಿ ಹೋಗುವುದಿಲ್ಲ, ಅವರ ಹಣ ಮುಟ್ಟುವುದಿಲ್ಲ, ಗೆಲುವಿಗಾಗಿ ವಾದಕ್ಕಿಳಿಯುವುದಿಲ್ಲ. 1096ರಲ್ಲಿ ಹಜ್ಜ್ ನೆರವೇರಿಸಿದರು. ಆಮೇಲೆ ಮಕ್ಕಳ ಕರೆ ಅವರನ್ನು ಮನೆಯತ್ತ ಸೆಳೆಯಿತು. ಸಂಸಾರದ ಚಿಂತೆ, ಜೀವನೋಪಾಯದ ತೊಡಕು ಏಕಾಂತವನ್ನು ಆಗಾಗ ಕದಡುತ್ತಿದ್ದವೆಂದು ಅವರೇ ಒಪ್ಪಿಕೊಂಡಿದ್ದಾರೆ. ಆದರೂ ಅವರು ಆ ದಾರಿಯ ಆಸೆ ಬಿಡಲಿಲ್ಲ.

ಈ ನಿಧಾನದ ವರ್ಷಗಳಲ್ಲೇ 'ಇಹ್ಯಾ ಉಲೂಮಿದ್ದೀನ್' ರೂಪುಗೊಂಡಿತು. ಅದರ ನಲ್ವತ್ತು ಭಾಗಗಳಲ್ಲಿ ಮೂವತ್ತೆರಡನೆಯದು ಸಹನೆ ಮತ್ತು ಕೃತಜ್ಞತೆಯನ್ನು ಕುರಿತದ್ದು. ಇಮಾಮರ ಪ್ರಕಾರ ಶುಕ್ರ್ ಎಂದರೆ ಬರಿಯ ಬಾಯಿಮಾತಲ್ಲ. ಅನುಗ್ರಹ ಯಾರದೆಂಬ ಅರಿವು, ಆ ಅರಿವಿನಿಂದ ಹೃದಯದಲ್ಲುಂಟಾಗುವ ಸಂತೋಷ, ಅನುಗ್ರಹವನ್ನು ಅದರ ಉದ್ದೇಶಕ್ಕೆ ತಕ್ಕಂತೆ ಬಳಸುವ ಕರ್ಮ, ಈ ಮೂರೂ ಕೂಡಿದರೆ ಶುಕ್ರ್. ಅಗತ್ಯವಿಲ್ಲದೆ ಮರದ ಕೊಂಬೆ ಮುರಿದವನು ಮರಕ್ಕೂ ತನ್ನ ಕೈಗೂ ಕೃತಘ್ನನಾದ. ಕೈಯಿಂದ ಕೈಗೆ ಸಾಗಬೇಕಾದ ನಾಣ್ಯವನ್ನು ಹೂತಿಟ್ಟವನೂ ಹಾಗೆಯೇ. ಒಂದು ರೊಟ್ಟಿ ನಮ್ಮ ತಟ್ಟೆಗೆ ಬರಬೇಕಾದರೆ ಮಣ್ಣು, ನೀರು, ಗಾಳಿ, ಬಿಸಿಲಿನೊಂದಿಗೆ ರೈತ, ಕಮ್ಮಾರ, ಬಡಗಿ, ಹಿಟ್ಟು ಬೀಸುವವ ಎಲ್ಲರೂ ದುಡಿದಿರಬೇಕೆಂದು ಅವರು ಬಿಡಿಸಿ ತೋರಿಸುತ್ತಾರೆ.

ಉಸಿರಾಡುವ ಗಾಳಿ ಎಲ್ಲರಿಗೂ ಸಿಗುವುದರಿಂದ ಯಾರೂ ಅದನ್ನು ಅನುಗ್ರಹವೆಂದು ಲೆಕ್ಕಿಸುವುದಿಲ್ಲ. ಉಸಿರುಗಟ್ಟಿದಾಗಲೇ ಅದರ ಬೆಲೆ ತಿಳಿಯುತ್ತದೆ ಎಂದೂ ಅವರು ಎಚ್ಚರಿಸುತ್ತಾರೆ. ಗುಟುಕು ನೀರು ಗಂಟಲಲ್ಲಿ ಇಳಿಯದ ದಿನಗಳನ್ನು ಕಂಡವರ ಮಾತಿದು. ಈ ಮರೆವಿಗೆ ಅವರು ತಿಳಿಸುವ ಮದ್ದು ಸರಳ. ಹಿಂದಿನ ಕೆಲವು ಸಜ್ಜನರಂತೆ ಆಸ್ಪತ್ರೆ, ಸೆರೆಮನೆ, ದಫನಭೂಮಿಗಳನ್ನು ಕಂಡು ಬರಬೇಕು. ಆರೋಗ್ಯ, ಸ್ವಾತಂತ್ರ್ಯ, ಉಳಿದ ಆಯುಷ್ಯ ಎಂಥ ಸಂಪತ್ತೆಂದು ಆಗ ಅರಿವಾಗುವುದು.

1106ರಲ್ಲಿ ನಿಝಾಮುಲ್ ಮುಲ್ಕರ ಮಗ ಫಖ್ರುಲ್ ಮುಲ್ಕರ ಒತ್ತಾಯದಿಂದ ಇಮಾಮರು ನಿಶಾಪುರದಲ್ಲಿ ಮತ್ತೆ ಪಾಠ ಹೇಳಿದರು. ಅದು ಹೆಚ್ಚು ಕಾಲ ನಡೆಯಲಿಲ್ಲ. ತೂಸ್‌ಗೆ ಮರಳಿ, ಮನೆಯ ಪಕ್ಕದಲ್ಲಿ ಮದ್ರಸವನ್ನೂ ಖಾನ್‌ಕಾಹ್‌ವನ್ನೂ ನಡೆಸಿದರು. ಕುರ್‌ಆನ್ ಪಾರಾಯಣ, ಸಜ್ಜನರ ಸಹವಾಸ, ಶಿಷ್ಯರಿಗೆ ಬೋಧನೆ, ಹೀಗೆ ದಿನದ ಹೊತ್ತನ್ನೆಲ್ಲ ಹಂಚಿಕೊಂಡಿದ್ದರು. ಬಗ್ದಾದಿನ ಪೀಠ ಮತ್ತೊಮ್ಮೆ ಕರೆದಾಗ ಅವರು ಹೋಗಲಿಲ್ಲ.

ಹಿಜರಿ 505ರ ಜಮಾದುಲ್ ಆಖಿರ್ 14, ಕ್ರಿ.ಶ. 1111ರ ಡಿಸೆಂಬರ್ 18, ಸೋಮವಾರ. ಮುಂಜಾನೆ ವುಝೂ ಮಾಡಿ ನಮಾಝ್ ನಿರ್ವಹಿಸಿದ ಇಮಾಮರು ತಮ್ಮ ಕಫನ್ ತರಿಸಿ, ಮುತ್ತಿಟ್ಟು ಕಣ್ಣಿಗೊತ್ತಿಕೊಂಡರು. ಕಿಬ್ಲಾದೆಡೆಗೆ ಮಲಗಿ ಶಾಂತರಾಗಿ ಪ್ರಾಣ ಬಿಟ್ಟರೆಂದು ಸಹೋದರ ಅಹ್ಮದರು ತಿಳಿಸಿದ್ದಾರೆ.

ನಾವು ಊರು ಬಿಡಬೇಕಾಗಿಲ್ಲ, ಮಿನಾರ ಹತ್ತಬೇಕಾಗಿಲ್ಲ. ಮಳೆ ನಿಂತು ಚಳಿ ಕಾಲಿಡುವ ಈ ದಿನಗಳಲ್ಲಿ ಕತ್ತಲು ಬೇಗ ಕವಿಯುತ್ತದೆ. ಇಶಾ ನಮಾಝ್‌ನ ನಂತರ ಮನೆಮಂದಿಯೆಲ್ಲ ಸ್ವಲ್ಪ ಹೊತ್ತು ಜೊತೆಗೆ ಕೂರೋಣ. ತಟ್ಟೆಯಲ್ಲಿರುವ ರೊಟ್ಟಿ ಎಷ್ಟು ಕೈಗಳನ್ನು ದಾಟಿ ಬಂತೆಂದು ಮಕ್ಕಳಿಂದಲೇ ಎಣಿಸೋಣ. ಆಸ್ಪತ್ರೆಯಲ್ಲಿರುವ ನೆರೆಯವರನ್ನು ನಾಳೆಯೇ ನೋಡಿ ಬರೋಣ. ನಾನು ಯಾರಿಗಾಗಿ ಹೀಗೆ ಓಡುತ್ತಿದ್ದೇನೆ ಎಂಬ ಪ್ರಶ್ನೆಯನ್ನು, ನಾಲಿಗೆ ಕಟ್ಟುವ ಮೊದಲೇ, ನಮಗೆ ನಾವೇ ಕೇಳಿಕೊಳ್ಳೋಣ. ಅಲ್ಲಾಹನು ನಮ್ಮನ್ನು ಕೃತಜ್ಞ ದಾಸರ ಸಾಲಿಗೆ ಸೇರಿಸಲಿ, ಆಮೀನ್.