ರಜೆಯ ದಿನಗಳ ಪ್ರಯೋಗಶಾಲೆ: ಸಿ. ವಿ. ರಾಮನ್

ಪ್ರತಿ ವರ್ಷ ಫೆಬ್ರವರಿಯ ಕೊನೆಯ ವಾರ ನಂತೂರಿನ ಆಸುಪಾಸಿನ ಪ್ರೌಢಶಾಲೆಗಳಿಗೆ ಪಾಠ ವೀಕ್ಷಣೆಗೆ ಹೋದಾಗ ಒಂದೇ ಬಗೆಯ ಚಾರ್ಟು ಎದುರಾಗುತ್ತದೆ. ನೀಲಿ ಸಮುದ್ರ, ಅದರ ಮೇಲೊಂದು ಹಡಗು, ಹಡಗಿನಲ್ಲಿ ಪೇಟ ಧರಿಸಿದ ಒಬ್ಬರು. ರಾಮನ್ ಸಮುದ್ರವನ್ನು ನೋಡಿದರು, ಯೋಚಿಸಿದರು, ನೊಬೆಲ್ ಬಂತು. ಚಾರ್ಟು ಅಂದವಾಗಿರುತ್ತದೆ, ಪಾಠವೂ ನಲವತ್ತು ನಿಮಿಷದೊಳಗೆ ಮುಗಿಯುತ್ತದೆ. ಆದರೆ ಹಡಗು ಸಾಗಿದ 1921ಕ್ಕೂ ಪರಿಣಾಮ ಕಣ್ಣಿಗೆ ಬಿದ್ದ 1928ಕ್ಕೂ ನಡುವೆ ಏಳು ವರ್ಷಗಳಿವೆ. ಆ ಏಳು ವರ್ಷಗಳಲ್ಲಿ ಕಲ್ಕತ್ತೆಯ ಒಂದು ಹಳೆಯ ಕಟ್ಟಡದಲ್ಲಿ ಯಾರ್ಯಾರು ಬಂದು ಕೆಲಸ ಮಾಡಿದರು ಎಂಬುದು ಚಾರ್ಟಿನಲ್ಲಿ ಇರುವುದಿಲ್ಲ. ರಜೆಯಲ್ಲಿ ಬಂದ ಮೇಷ್ಟರು, ಕಚೇರಿ ಮುಗಿಸಿ ಬಂದ ನೌಕರರು, ಕಾಲೇಜನ್ನೇ ಕಾಣದ ಸಹಾಯಕ, ಇವರೆಲ್ಲ ಅಲ್ಲಿದ್ದರು. ಬೇಸಿಗೆ ರಜೆಯ ಎರಡು ತಿಂಗಳಲ್ಲಿ ವಿದ್ಯಾರ್ಥಿಯೊಬ್ಬ ನಿಜವಾಗಿ ಸಂಶೋಧನೆ ಮಾಡಬಹುದೇ, ಅದು ಬರೀ ಪ್ರಮಾಣಪತ್ರದ ಆಟವಲ್ಲವೇ ಎಂದು ಪ್ರಶಿಕ್ಷಣಾರ್ಥಿಗಳು ಆಗಾಗ ಕೇಳುತ್ತಾರೆ. ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರಾಮನ್ ಅವರ ಬದುಕನ್ನು ಇನ್ನೊಮ್ಮೆ ನೋಡಬಹುದು.

ಚಂದ್ರಶೇಖರ ವೆಂಕಟ ರಾಮನ್ 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯ ಬಳಿ ಹುಟ್ಟಿದರು. ತಂದೆ ಮೇಷ್ಟರು, ಮುಂದೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನದ ಉಪನ್ಯಾಸಕರಾದರು. ಮನೆಯಲ್ಲಿ ಪುಸ್ತಕಗಳಿದ್ದವು. ಹನ್ನೊಂದನೆಯ ವಯಸ್ಸಿಗೆ ಮೆಟ್ರಿಕ್ಯುಲೇಷನ್ ಮುಗಿಸಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1904ರಲ್ಲಿ ಬಿ.ಎ. ಪದವಿಯನ್ನು ಮೊದಲ ಸ್ಥಾನದೊಂದಿಗೆ ಪಡೆದರು. ಇಂಗ್ಲೆಂಡಿಗೆ ಹೋಗಬೇಕೆಂದು ಅಧ್ಯಾಪಕರು ಸಲಹೆ ನೀಡಿದರೆ, ಈ ಸಣಕಲು ಹುಡುಗ ಅಲ್ಲಿಯ ಹವೆಯನ್ನು ತಾಳಲಾರ ಎಂದು ಸರಕಾರಿ ವೈದ್ಯರು ತಡೆದರು. ಹಾಗಾಗಿ ಎಂ.ಎ. ಓದು ಅದೇ ಕಾಲೇಜಿನಲ್ಲಿ ಮುಂದುವರಿಯಿತು.

ಶಿಕ್ಷಕರಾಗುವ ನಾವು ಗಮನಿಸಬೇಕಾದ ಮೊದಲ ವ್ಯಕ್ತಿ ಇಲ್ಲಿ ಬರುತ್ತಾರೆ. ಭೌತವಿಜ್ಞಾನದ ಪ್ರಾಧ್ಯಾಪಕ ಜೋನ್ಸ್ ಅವರು ದೊಡ್ಡ ಸಂಶೋಧಕರೇನಲ್ಲ. ಆದರೆ ಈ ವಿದ್ಯಾರ್ಥಿಗೆ ತರಗತಿಗಿಂತ ಪ್ರಯೋಗಶಾಲೆಯೇ ಹೆಚ್ಚು ಬೇಕೆಂಬುದನ್ನು ಅರಿತು, ತರಗತಿಗೆ ಬರಲೇಬೇಕೆಂದು ಒತ್ತಾಯಿಸದೆ, ಇಷ್ಟ ಬಂದ ಪ್ರಯೋಗ ಮಾಡಲು ಬಿಟ್ಟರು. ಕಾಲೇಜಿನ ಸಾಮಾನ್ಯ ಸ್ಪೆಕ್ಟ್ರೋಮೀಟರಿನಲ್ಲಿ ಪಟ್ಟಕದ ಕೋನವನ್ನು ಅಳೆಯುವ ದಿನನಿತ್ಯದ ಪ್ರಯೋಗ ಮಾಡುವಾಗ, ಬೆಳಕಿನ ವಿವರ್ತನೆಯ ಪಟ್ಟೆಗಳು ಎರಡೂ ಬದಿಯಲ್ಲಿ ಒಂದೇ ಸಮ ಇಲ್ಲವೆಂಬುದು ರಾಮನ್ ಕಣ್ಣಿಗೆ ಬಿತ್ತು. ಸಾವಿರಾರು ವಿದ್ಯಾರ್ಥಿಗಳು ಅದೇ ಉಪಕರಣದಲ್ಲಿ ಕೋನ ಬರೆದುಕೊಂಡು ಎದ್ದುಹೋಗಿದ್ದರು. ರಾಮನ್ ಅದರ ಬೆನ್ನು ಹತ್ತಿ, ಅಳೆದು, ಲೇಖನ ಬರೆದು ಜೋನ್ಸ್ ಅವರಿಗೆ ಕೊಟ್ಟರು. ಲೇಖನ ತಿಂಗಳುಗಟ್ಟಲೆ ಮೇಷ್ಟರ ಬಳಿಯೇ ಉಳಿಯಿತು. ಕೊನೆಗೆ ರಾಮನ್ ಅದನ್ನು ತಾವೇ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನ್ ಪತ್ರಿಕೆಗೆ ಕಳುಹಿಸಿದರು. 1906ರ ನವೆಂಬರಿನಲ್ಲಿ ಅದು ಅಚ್ಚಾದಾಗ ಅವರಿಗೆ ಹದಿನೆಂಟು. ಜೋನ್ಸ್ ಅವರನ್ನು ಹೊಗಳಬೇಕೋ ದೂರಬೇಕೋ ಎಂದು ನನಗೆ ಇನ್ನೂ ಬಗೆಹರಿದಿಲ್ಲ. ವಿದ್ಯಾರ್ಥಿಯ ದಾರಿಗೆ ಅಡ್ಡ ಬರಲಿಲ್ಲ. ಆದರೆ ಅವನು ಬರೆದುದನ್ನು ಕೂಡಲೇ ಓದಲೂ ಇಲ್ಲ. ನಮ್ಮಲ್ಲಿ ಹಲವರು ಎರಡನೆಯದನ್ನು ಮಾತ್ರ ಮಾಡುತ್ತೇವೆ.

ಸಂಶೋಧನೆಯನ್ನೇ ಉದ್ಯೋಗ ಮಾಡಿಕೊಳ್ಳುವ ಅವಕಾಶ ಆಗ ನಮ್ಮವರಿಗೆ ಇರಲಿಲ್ಲವೆಂದೇ ಹೇಳಬೇಕು. ಹಣಕಾಸು ಇಲಾಖೆಯ ಪರೀಕ್ಷೆ ಬರೆದು, ಲೋಕಸುಂದರಿಯವರನ್ನು ಮದುವೆಯಾಗಿ, 1907ರಲ್ಲಿ ಲೆಕ್ಕಪತ್ರ ಕಚೇರಿಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಒಂದು ದಿನ ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ರಸ್ತೆಯಲ್ಲಿ ಭಾರತೀಯ ವಿಜ್ಞಾನ ಪ್ರಸಾರ ಸಂಘದ ನಾಮಫಲಕ ಕಾಣಿಸಿತು. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಕಟ್ಟಡವಿತ್ತು, ಉಪಕರಣಗಳಿದ್ದವು, ಕೆಲಸ ಮಾಡುವವರಿರಲಿಲ್ಲ. ರಾಮನ್ ಹೋಗಿ ಬಾಗಿಲು ತಟ್ಟಿದರು. ತೆರೆದವರು ಅಲ್ಲಿಯ ಸಹಾಯಕ ಆಶುತೋಷ್ ಡೇ, ಎಲ್ಲರ ಬಾಯಲ್ಲಿ ಆಶುಬಾಬು. ಸಂಸ್ಥಾಪಕರ ಮಗ ಅಮೃತಲಾಲ್ ಸರ್ಕಾರ್ ಆಗ ಕಾರ್ಯದರ್ಶಿ. ಹತ್ತೊಂಬತ್ತು ತುಂಬದ ಈ ಗುಮಾಸ್ತೆ ಸಾಹೇಬರನ್ನು ಯಾವ ಅರ್ಜಿಯನ್ನೂ ಕೇಳದೆ ಒಳಗೆ ಬಿಟ್ಟುಕೊಂಡರು.

ಅಂದಿನಿಂದ ಹತ್ತು ವರ್ಷ ಬೆಳಿಗ್ಗೆ ಕಚೇರಿಗೆ ಮುನ್ನ, ಸಂಜೆ ಕಚೇರಿ ಬಿಟ್ಟ ಮೇಲೆ ಪ್ರಯೋಗಶಾಲೆ. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಯಿತು, ಮತ್ತೆ ಕಲ್ಕತ್ತೆಗೆ ಬಂದರು. ಸಂಘದ ಪಕ್ಕದಲ್ಲೇ ಬಾಡಿಗೆ ಮನೆ ಹಿಡಿದು, ಮನೆಯಿಂದ ನೇರವಾಗಿ ಪ್ರಯೋಗಶಾಲೆಗೆ ಒಂದು ಬಾಗಿಲು ಮಾಡಿಸಿಕೊಂಡರು. ವೀಣೆ, ಪಿಟೀಲು, ಮೃದಂಗ, ತಬಲಾ, ಎಲ್ಲವೂ ಅಲ್ಲಿ ಪ್ರಯೋಗಕ್ಕೆ ಒಳಗಾದವು. ಮೃದಂಗದ ನಡುವಿನ ಕರಣೆಯಿಂದ ನಾದ ಹೇಗೆ ಶ್ರುತಿಬದ್ಧವಾಗುತ್ತದೆ ಎಂಬ ಅವರ ಕೆಲಸವನ್ನು ನಮ್ಮ ಜಿಲ್ಲೆಯ ಮಕ್ಕಳಿಗೆ ಚೆಂಡೆ ಮದ್ದಳೆ ಮುಂದಿಟ್ಟು ಹೇಳಿದರೆ, ಶಬ್ದದ ಪಾಠಕ್ಕೆ ಬೇರೆ ಪೀಠಿಕೆ ಬೇಡ. ಕಾಲೇಜು ಓದದ ಆಶುಬಾಬು ಪ್ರಯೋಗಗಳಲ್ಲಿ ಜೊತೆಗಾರರಾಗಿದ್ದರು. ರಾಮನ್ ಅವರ ಹೆಸರನ್ನು ಲೇಖನಗಳಲ್ಲಿ ಜಂಟಿ ಲೇಖಕರೆಂದು ಹಾಕಿದರು. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪೀಠಕ್ಕೆ ಕರೆ ಬಂದಾಗ ಸರಕಾರಿ ಸಂಬಳವನ್ನು ಬಿಟ್ಟು, ಅದಕ್ಕಿಂತ ತೀರ ಕಡಿಮೆ ಸಂಬಳಕ್ಕೆ ಒಪ್ಪಿಕೊಂಡರು. ವಿದೇಶದಲ್ಲಿ ತರಬೇತಿ ಪಡೆದು ಬರಬೇಕೆಂಬ ಷರತ್ತಿಗೆ ಮಾತ್ರ ಒಪ್ಪಲಿಲ್ಲ. ಕೊನೆಗೆ ಷರತ್ತನ್ನೇ ಸಡಿಲಿಸಿದರು.

ಆ ಹೊತ್ತಿಗೆ ದೇಶದ ನಾನಾ ಕಡೆಯಿಂದ ತರುಣರು ಬೌಬಜಾರಿಗೆ ಬರತೊಡಗಿದ್ದರು. ಅವರಲ್ಲಿ ಪಾಲಕ್ಕಾಡಿನ ಕೆ. ಆರ್. ರಾಮನಾಥನ್ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ತಿರುವನಂತಪುರದ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಪ್ರಯೋಗ ಮಾಡಿ ತೋರಿಸುವ ಕೆಲಸದಲ್ಲಿದ್ದ ಅವರು ವಿದ್ಯಾರ್ಥಿವೇತನ ಪಡೆದು ಕಲ್ಕತ್ತೆಗೆ ಬಂದರು. ಬಳಿಕ ರಂಗೂನಿನಲ್ಲಿ ಅಧ್ಯಾಪಕರಾದರು. ರಜೆ ಸಿಕ್ಕಿದಾಗಲೆಲ್ಲ ಸಮುದ್ರ ದಾಟಿ ಕಲ್ಕತ್ತೆಗೆ ಬಂದು ರಾಮನ್ ಅವರ ಪ್ರಯೋಗಶಾಲೆಯಲ್ಲಿ ಕೂರುತ್ತಿದ್ದರು. 1921ರಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ನೋಡಿ ಬಂದ ರಾಮನ್, ದ್ರವಗಳಲ್ಲಿ ಬೆಳಕು ಚದುರುವ ಬಗೆಯನ್ನು ಕೈಗೆತ್ತಿಕೊಂಡಿದ್ದರು. 1923ರಲ್ಲಿ ರಾಮನಾಥನ್ ಶುದ್ಧ ನೀರಿನ ಮೂಲಕ ಸೂರ್ಯನ ಬೆಳಕನ್ನು ಹಾಯಿಸಿ ನೋಡುವಾಗ, ಇರಬಾರದ ಕಡೆ ಒಂದು ಮಂದ ಬೆಳಕು ಕಂಡಿತು. ನೀರಿನಲ್ಲಿ ಉಳಿದ ಕಲ್ಮಶದ ಪ್ರತಿದೀಪ್ತಿ ಇರಬಹುದೆಂದು ಮತ್ತೆ ಮತ್ತೆ ಶುದ್ಧೀಕರಿಸಿದರು. ಬೆಳಕು ಹೋಗಲಿಲ್ಲ. ದುರ್ಬಲ ಪ್ರತಿದೀಪ್ತಿ ಎಂದು ಬರೆದಿಟ್ಟರು. ಐದು ವರ್ಷಗಳ ಬಳಿಕ ರಾಮನ್ ಪರಿಣಾಮ ಎಂಬ ಹೆಸರು ಪಡೆದದ್ದು ಇದೇ ಬೆಳಕು. ಕಾರಣ ಗೊತ್ತಾಗದಿದ್ದರೂ ಅಳಿಸದೆ ಬರೆದಿಟ್ಟದ್ದು ದೊಡ್ಡ ಕೆಲಸ. ನಮ್ಮ ಪ್ರಯೋಗ ದಾಖಲೆ ಪುಸ್ತಕಗಳಲ್ಲಿ, ಪಠ್ಯದ ಉತ್ತರಕ್ಕೆ ಹೊಂದದ ಅಳತೆಗೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತಿದೆ.

ಮುಂದಿನ ಸುಳಿವು ಕೊಟ್ಟವರು ಎಸ್. ವೆಂಕಟೇಶ್ವರನ್. ಅವರು ಆಲಿಪುರದ ಸರಕಾರಿ ಪರೀಕ್ಷಾಲಯದಲ್ಲಿ ಉದ್ಯೋಗಿ. ಪ್ರಯೋಗಶಾಲೆಗೆ ಬರುತ್ತಿದ್ದುದು ಬಿಡುವಿನ ವೇಳೆಯಲ್ಲಿ, ರಜಾದಿನಗಳಲ್ಲಿ. ಗ್ಲಿಸರಿನ್‌ನಲ್ಲಿ ಚದುರಿದ ಬೆಳಕು ನೀಲಿಯಾಗಿರದೆ ಹಸಿರಾಗಿದ್ದುದನ್ನು, ಅದು ಧ್ರುವೀಕರಣಗೊಂಡಿದ್ದುದನ್ನು ಅವರು ಕಂಡರು. ಸಾಮಾನ್ಯ ಪ್ರತಿದೀಪ್ತಿ ಹಾಗಿರುವುದಿಲ್ಲ. ಹಗಲಿಡೀ ನಿಂತು ಪ್ರಯೋಗ ಮಾಡುವವರು ಬೇಕಾದಾಗ, ಆ ತನಕ ಗಣಿತದ ಲೆಕ್ಕಗಳಲ್ಲಿ ಮುಳುಗಿದ್ದ ಕೆ. ಎಸ್. ಕೃಷ್ಣನ್ ಅವರನ್ನು ರಾಮನ್ ಕತ್ತಲೆ ಕೋಣೆಗೆ ಕರೆತಂದರು. ಉಪಾಯ ಸರಳ. ಸೂರ್ಯನ ಬೆಳಕಿನ ದಾರಿಯಲ್ಲಿ ನೀಲಿಯನ್ನಷ್ಟೇ ಬಿಡುವ ಫಿಲ್ಟರ್, ದ್ರವದಿಂದ ಚದುರಿ ಬರುವ ಬೆಳಕಿನ ದಾರಿಯಲ್ಲಿ ಆ ನೀಲಿಯನ್ನು ಪೂರ್ತಿ ತಡೆಯುವ ಇನ್ನೊಂದು ಫಿಲ್ಟರ್. ಬಣ್ಣ ಬದಲಾಗದಿದ್ದರೆ ಏನೂ ಕಾಣಬಾರದು. ಆದರೂ ಕಂಡಿತು. 1928ರ ಫೆಬ್ರವರಿ 27ರ ಸಂಜೆ ಆಶುಬಾಬು ರೋಹಿತದರ್ಶಕವನ್ನು ಜೋಡಿಸಿ ಮುಗಿಸುವಷ್ಟರಲ್ಲಿ ಸೂರ್ಯ ಮುಳುಗಿದ್ದ. ಮರುದಿನ ಬೆಳಿಗ್ಗೆ ನೋಡಿದಾಗ ಬದಲಾದ ಬಣ್ಣ ಬೇರೆಯಾಗಿಯೇ ಕಾಣಿಸಿತು. ಆ ಮರುದಿನವನ್ನೇ ನಾವು ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುತ್ತೇವೆ.

ಮಾರ್ಚ್ 16ರಂದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ರಾಮನ್ ಈ ಶೋಧನೆಯ ಬಗ್ಗೆ ವಿಸ್ತಾರವಾಗಿ ಉಪನ್ಯಾಸ ಕೊಟ್ಟರು. ರಾಮನಾಥನ್, ವೆಂಕಟೇಶ್ವರನ್, ಕೃಷ್ಣನ್ ಮೂವರ ಕೆಲಸವನ್ನೂ ಹೆಸರು ಹೇಳಿ ನೆನೆದರು. 1930ರ ನೊಬೆಲ್ ಮಾತ್ರ ಒಬ್ಬರಿಗೇ ಬಂತು.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ಪಾಠವಾಗುತ್ತಿತ್ತು. ಆದರೆ ಪೂರ್ತಿ ನಿಜವಾಗುತ್ತಿರಲಿಲ್ಲ.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಅದೇ ವರ್ಷ ಬೊಂಬಾಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ.ಯಲ್ಲಿ ಉನ್ನತ ಸ್ಥಾನ ಪಡೆದ ಕಮಲಾ ಭಾಗವತ್ ಎಂಬ ತರುಣಿ ಅರ್ಜಿ ಹಾಕಿದರು. ಅವರ ತಂದೆ, ಚಿಕ್ಕಪ್ಪ ಇಬ್ಬರೂ ಅದೇ ಸಂಸ್ಥೆಯಲ್ಲಿ ಓದಿದವರು. ರಾಮನ್ ಅರ್ಜಿಯನ್ನು ತಿರಸ್ಕರಿಸಿದರು. ಅಂಕ ಕಡಿಮೆಯೆಂದಲ್ಲ, ಹೆಣ್ಣೆಂದು. ಕಮಲಾ ಬೆಂಗಳೂರಿಗೇ ಬಂದು ಕಾರಣ ಕೇಳಿದರು, ಹಟ ಹಿಡಿದರು. ಕೊನೆಗೆ ಪ್ರವೇಶವೇನೋ ಸಿಕ್ಕಿತು, ಷರತ್ತುಗಳೊಂದಿಗೆ. ಮೊದಲ ಒಂದು ವರ್ಷ ಪರೀಕ್ಷಾರ್ಥ. ಕೆಲಸ ತೃಪ್ತಿಕರವೆನಿಸಿದರಷ್ಟೇ ಮಾನ್ಯತೆ. ಗಂಡುಮಕ್ಕಳ ಏಕಾಗ್ರತೆಗೆ ಭಂಗ ಬರಬಾರದು. ಅರ್ಜಿಯಿಲ್ಲದೆ ಒಳಗೆ ಹೋಗಿ ಬೆಳೆದವರು ಹಾಕಿದ ಷರತ್ತುಗಳಿವು. ವಿದೇಶಿ ತರಬೇತಿಯ ಷರತ್ತು ತನ್ನ ಮೇಲೆ ಬಂದಾಗ ಸ್ವಾಭಿಮಾನದಿಂದ ನಿರಾಕರಿಸಿದವರೂ ಅವರೇ.

ಕಮಲಾ ಅವರಿಗೆ ಸಿಕ್ಕ ಮಾರ್ಗದರ್ಶಕರು ಎಂ. ಶ್ರೀನಿವಾಸಯ್ಯ, ಕೆಲಸದಲ್ಲಿ ಬಹಳ ಕಟ್ಟುನಿಟ್ಟು, ಕಲಿಸುವುದರಲ್ಲಿ ಧಾರಾಳ. ಹಾಲು, ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ನಡೆಯಿತು. ವರ್ಷ ಕಳೆದಾಗ ರಾಮನ್ ಮನಸ್ಸು ಬದಲಾಯಿಸಿ ಮಾನ್ಯತೆ ಕೊಟ್ಟರು. ಅನಂತರ ಸಂಸ್ಥೆಗೆ ಬೇರೆ ಹೆಣ್ಣುಮಕ್ಕಳೂ ಬಂದರು. ಕಮಲಾ ಮುಂದೆ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಪಡೆದು ಕಮಲಾ ಸೊಹೊನಿ ಎಂಬ ಹೆಸರಿನಿಂದ ಪ್ರಸಿದ್ಧರಾದರು. ಅಂದಿನ ಅವಮಾನವನ್ನು ಮಾತ್ರ ಅವರು ಮರೆಯಲಿಲ್ಲ. ಕಾಲ ಹಾಗಿತ್ತು ಎಂದು ಹೇಳಿ ಈ ಪ್ರಸಂಗವನ್ನು ದಾಟಿಸಿಬಿಡುವವರಿದ್ದಾರೆ. ಅದೇ ಕಾಲದಲ್ಲಿ ಶ್ರೀನಿವಾಸಯ್ಯನವರೂ ಇದ್ದರು.

1940ರಲ್ಲಿ ಪೀರುಮೇಡಿನ ಅನ್ನಾ ಮಾಣಿ ರಾಮನ್ ಅವರ ಪ್ರಯೋಗಶಾಲೆ ಸೇರಿದರು. ಆಗ ರಾಮನ್ ನಿರ್ದೇಶಕ ಸ್ಥಾನ ಬಿಟ್ಟು ಪ್ರಾಧ್ಯಾಪಕರಾಗಿ ಮಾತ್ರ ಉಳಿದಿದ್ದರು. ಅನ್ನಾ ಮಾಣಿಯವರಿಗೆ ಕೊಟ್ಟದ್ದು ವಜ್ರಗಳ ರೋಹಿತದ ಅಧ್ಯಯನ. ಒಂದೊಂದು ಛಾಯಾಫಲಕಕ್ಕೆ ಹದಿನೈದು ಇಪ್ಪತ್ತು ಗಂಟೆ ಬೆಳಕು ತಾಗಬೇಕು; ರಾತ್ರಿ ಪ್ರಯೋಗಶಾಲೆಯಲ್ಲೇ ಮಲಗುತ್ತಿದ್ದರು. ಐದು ಸಂಶೋಧನಾ ಲೇಖನಗಳನ್ನು ಒಬ್ಬರೇ ಬರೆದರು. 1945ರಲ್ಲಿ ಪ್ರಬಂಧ ಒಪ್ಪಿಸಿದಾಗ, ಎಂ.ಎಸ್‌ಸಿ. ಇಲ್ಲವೆಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ. ಅವರು ಹವಾಮಾನ ಉಪಕರಣಗಳ ಕಡೆ ಹೊರಳಿ ಅಲ್ಲಿ ದೊಡ್ಡ ಹೆಸರು ಮಾಡಿದರು.

1948ರಲ್ಲಿ ನಿವೃತ್ತರಾದ ರಾಮನ್ ತಮ್ಮದೇ ಸಂಶೋಧನಾಲಯ ಕಟ್ಟಿಕೊಂಡರು. ಲೆಕ್ಕ ಒಪ್ಪಿಸಬೇಕಾಗುತ್ತದೆಂದು ಸರಕಾರದ ಹಣ ಬೇಡವೆಂದರು. ಕೊನೆಗಾಲದಲ್ಲಿ ಶಿಷ್ಯರು ಕಡಿಮೆ, ಸಹ ವಿಜ್ಞಾನಿಗಳೊಂದಿಗೆ ಜಗಳಗಳೂ ಇದ್ದವು. ಶಾಲಾ ಮಕ್ಕಳು ಬಂದರೆ ಮಾತ್ರ ಬೇರೆಯೇ ಮನುಷ್ಯರಾಗುತ್ತಿದ್ದರು. ಕತ್ತಲೆ ಕೋಣೆಗೆ ಕರೆದೊಯ್ದು, ಅತಿನೇರಳೆ ದೀಪ ಹಚ್ಚಿ, ಮಂಕಾಗಿದ್ದ ಕಲ್ಲುಗಳು ಹಸಿರು ಕೆಂಪಾಗಿ ಹೊಳೆಯುವುದನ್ನು ತೋರಿಸುತ್ತಿದ್ದರು. 1970ರ ನವೆಂಬರ್ 21ರಂದು ತೀರಿಕೊಂಡಾಗ, ಅವರ ಇಚ್ಛೆಯಂತೆ ಸಂಶೋಧನಾಲಯದ ತೋಟದಲ್ಲೇ ದಹನ ಮಾಡಿ ಅಲ್ಲೊಂದು ಮರ ನೆಟ್ಟರು.

1934ರಲ್ಲಿ ಅವರು ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ಇಂದು ದೇಶದ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತದೆ. ಆಯ್ಕೆಯಾದವರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಾರೆ. ಕಾಲೇಜು ವಿದ್ಯಾರ್ಥಿಗಳಂತೆಯೇ ಅಧ್ಯಾಪಕರೂ ಅರ್ಜಿ ಹಾಕಬಹುದು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ವಿದ್ಯಾರ್ಥಿಗಳಿಗೆ ಇಂಥದೇ ಯೋಜನೆಯಿದೆ. ಪ್ರೌಢಶಾಲೆಯ ಮಕ್ಕಳಿಗೆ ಅಷ್ಟು ಅವಕಾಶಗಳಿಲ್ಲ, ಅವರ ರಜೆ ನಮ್ಮ ಕೈಯಲ್ಲೇ ಇದೆ. ಏಪ್ರಿಲ್ 24ರ ಆಸುಪಾಸು ಮಂಗಳೂರಿನಲ್ಲಿ ನಡುಹಗಲು ಹನ್ನೆರಡೂವರೆ ಸುಮಾರಿಗೆ ನೆಟ್ಟ ಕೋಲಿನ ನೆರಳು ಕಾಣದಾಗುತ್ತದೆ. ಶಾಲೆಗಳಿಗೆ ಆಗ ರಜೆ. ಏಪ್ರಿಲ್ ಮೊದಲ ವಾರದಿಂದ ದಿನವೂ ನೆರಳಳೆದು ಬರೆದಿಡಲು ಒಂದು ಕೋಲು, ಒಂದು ಅಳತೆಪಟ್ಟಿ, ಶಾಲೆಯ ಅಂಗಳದ ಗೇಟಿನ ಕೀಲಿಕೈ ಸಾಕು. ಗೇಟು ತೆರೆಯುವವರು ಮೊದಲೇ ಗೊತ್ತಾಗಿರಬೇಕು.

ಅಕಾಡೆಮಿಯ ಅರ್ಜಿಗೆ ವಿದ್ಯಾರ್ಥಿ ತಾನು ಏನು ಮಾಡಬಯಸುತ್ತಾನೆಂದು ಬರೆಯಬೇಕು. ಜೊತೆಗೆ ಕಲಿಸಿದ ಮೇಷ್ಟರೊಬ್ಬರ ಶಿಫಾರಸು ಪತ್ರ ಬೇಕು. ಅರ್ಜಿ ಹಾಕುವ ಕಾಲ ಸಾಮಾನ್ಯವಾಗಿ ನವೆಂಬರ್. ನಮ್ಮ ಬೋಧನಾಭ್ಯಾಸದ ಗಡಿಬಿಡಿ ಕೂಡ ಅದೇ ಹೊತ್ತಿಗೆ ಇರುತ್ತದೆ, ಪತ್ರ ಕೇಳಿ ಬಂದವರನ್ನು ನಾಳೆ ಬಾ ಎಂದು ಕಳುಹಿಸುವುದು ಸುಲಭ.